ರೊಟ್ಟಿಗೂಡಿನ ರೇಡಿಯೇಟರ್

ಊಟದ ಕೋಣೆಯ ಬಾಗಿಲು ತೆಗೆದ ಕ್ಲಾಡೆಟ್ ವಿಟ್ಬಿ ಕೈಲಿದ್ದ ಚೀಲವನ್ನು ಅಲ್ಲೇ ಬಿಟ್ಟಳು. ಕಿಟಕಿಯ ಕೆಳಗಿದ್ದ, ಕೋಣೆ ಬಿಸಿಮಾಡುವ ರೇಡಿಯೇಟರ್ ಮಾಯವಾಗಿತ್ತು.

ಅದು ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಸಾಮಾನಲ್ಲ. ಬೀಡುಕಬ್ಬಿಣದ್ದು. ಮೈತುಂಬ ಬಳ್ಳಿಯ ಉಬ್ಬುಚಿತ್ತಾರ. ನಡುವೆ ಪುಟ್ಟ ಬಾಗಿಲುಗಳ ಒಂದು ಗೂಡು. ಚಳಿಗಾಲದಲ್ಲಿ ನೆಲಮಾಳಿಗೆಯ ಬಾಯ್ಲರಿನಿಂದ ಪೈಪಿನಲ್ಲಿ ಹಬೆ ಏರಿದರೆ, ಗೂಡಿನಲ್ಲಿಟ್ಟ ರೊಟ್ಟಿ ಊಟ ಮುಗಿಯುವವರೆಗೂ ಬಿಸಿಯಾಗಿರುತ್ತಿತ್ತು. ಗಟ್ಟಿ ಆಳುಗಳು ಸೇರಿ ಸರಿಸಿದರೂ ಏದುಸಿರು ಬರುವಂಥ ಭಾರ.

ವಾರಾಂತ್ಯಕ್ಕೆ ಕ್ಲಾಡೆಟ್ ಸಮುದ್ರತೀರಕ್ಕೆ ಹೋಗಿದ್ದಳು. ಜುಲೈ ಬಿಸಿಲಿನಲ್ಲಿ ಫಿಲಡೆಲ್ಫಿಯಾದಲ್ಲಿ ಯಾರಿರುತ್ತಾರೆ? ಮನೆಯ ಕೀಲಿಯನ್ನು ಓಡೆಲ್ ಗ್ಯಾಸ್ಕಿನ್ಸ್ ಕೈಗೆ ಕೊಟ್ಟಿದ್ದಳು. ಹಳೆಯ ಮನೆಗಳ ಬಿಸಿ, ತಂಪು ನೋಡಿಕೊಳ್ಳುವುದು ಅವನ ಕಸುಬು. ಊಟದ ಕೋಣೆಗೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬಿಸಿ ಕೊಡುವ ಹೊಸ ಯಂತ್ರ ಕೂರಿಸಲು ಒಪ್ಪಿಕೊಂಡಿದ್ದ. ಮಹಡಿಗೆ ಮಾತ್ರ ಹಳೆಯ ಹಬೆಯೇ ಸಾಕೆಂದು ಮಾತಾಗಿತ್ತು.

ಸೋಮವಾರ ಕೆಲಸ ಶುರುಮಾಡಲು ಅವನ ವ್ಯಾನ್ ಬಂದು ನಿಂತದ್ದೇ ತಡ, ಕ್ಲಾಡೆಟ್ ಜಗಲಿಗೆ ನುಗ್ಗಿದಳು.

"ಕಳ್ಳ! ನಂಬಿ ಕೀಲಿ ಕೊಟ್ರೆ ಮನೇನೇ ಬೋಳಿಸಿಬಿಟ್ಯಲ್ಲೋ!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ನಮ್ಮ ಬೀದಿಯಲ್ಲಿ ಕೆಲಸಗಾರನಿಗೆ ಅನ್ನ ಹುಟ್ಟುವುದು ಬಾಯಿಮಾತಿನಿಂದ. ಹೋಗುವುದೂ ಅದರಿಂದಲೇ. ಮಧ್ಯಾಹ್ನದೊಳಗೆ ಎರಡು ಮನೆಯವರು ಓಡೆಲ್‌ಗೆ ಫೋನ್ ಮಾಡಿ ಕೆಲಸ ಬೇಡವೆಂದರು.

* * *

ಕ್ಲಾಡೆಟ್ ಕರೆಗೆ ಬಂದ ಪೊಲೀಸ್ ಡಿಟೆಕ್ಟಿವ್ ತೆರೇಸಾ ಮನ್ನೀನೊ ನಾಲಿಗೆಗಿಂತ ಕಿವಿಯನ್ನು ಹೆಚ್ಚು ದುಡಿಸುವ ಹೆಂಗಸು. ಅವಳೂ ಇಂಥದೇ ಜೋಡಿಮನೆಯಲ್ಲಿ ಹುಟ್ಟಿ ಬೆಳೆದವಳು. ನಡುವೆ ಒಂದೇ ಗೋಡೆ, ಆಚೆ ಈಚೆ ಮನೆಗಳು. ಒಂದು ಇನ್ನೊಂದರ ಕನ್ನಡಿಬಿಂಬ.

ಅವಳು ಮೊಣಕಾಲೂರಿ ನೆಲ ನೋಡಿದಳು. ನೆಲದಿಂದ ಎದ್ದ ಪೈಪಿನ ಬಾಯಿಗೆ ಹೊಸ ಮುಚ್ಚಳ. ಬಿಗಿಯಾಗಿ ತಿರುಗಿಸಿದ್ದರು.

"ನೀನು ಹಾಕಿದ್ದಾ?"

"ಅಲ್ಲ ಮೇಡಂ," ಎಂದ ಓಡೆಲ್. "ಆದ್ರೆ ನಾನಾಗಿದ್ರೂ ಹೀಗೇ ಹಾಕ್ತಿದ್ದೆ. ಇಲ್ದಿದ್ರೆ ಚಳಿಗಾಲದಲ್ಲಿ ಹಬೆಯೆಲ್ಲಾ ಇಲ್ಲೇ ಸೋರಿಹೋಗುತ್ತೆ. ಮಹಡಿ ತಣ್ಣಗಾಗುತ್ತೆ."

"ನೋಡಿ! ಬಾಯಿಬಿಟ್ಟ!" ಎಂದಳು ಕ್ಲಾಡೆಟ್.

"ಮಿಸ್ ಕ್ಲಾಡೆಟ್, ನಾನು ಕದಿಯೋನಾಗಿದ್ರೆ ನಿಮ್ಮ ಕಾಫಿ ಮೆಷಿನ್ ಕದೀತಿದ್ದೆ. ಅದನ್ನಾದ್ರೆ ಒಬ್ನೇ ಹೊರಬಹುದು."

ತೆರೇಸಾ ನಗಲಿಲ್ಲ. ತುಟಿ ಮಾತ್ರ ಅಲುಗಿತು. "ರೇಡಿಯೇಟರ್ ಬೇಕು ಅಂತ ಯಾರಾದ್ರೂ ಕೇಳಿದ್ರಾ?"

"ಯಾರು ಕೇಳಿಲ್ಲ ಹೇಳಿ!" ಎಂದಳು ಕ್ಲಾಡೆಟ್. "ಪಕ್ಕದ್ಮನೆ ವೆಂಡೆಲ್, ನನ್ನ ತಂಗಿ, ಹಳೇ ಸಾಮಾನಿನ ಬ್ರಿಸ್ಕೋ. ಬ್ರಿಸ್ಕೋಗೆ ಮಾತು ಕೊಟ್ಟಿದ್ದೆ. ಮೇಲೆ ಅಮೃತಶಿಲೆ ಹಾಸಿ ಯಾರದೋ ಬಾರಿಗೆ ಕಟ್ಟೆ ಮಾಡ್ತಾನಂತೆ."

ತೆರೇಸಾ ನೆಲದ ಮೇಲೆ ಬೆರಳಾಡಿಸಿದಳು. ರೇಡಿಯೇಟರಿನ ಪಾದಗಳ ಗುರುತು ಕಾಣುತ್ತಿತ್ತು. ಪೈಪಿನ ಕಡೆಯವು ದುಂಡಗೆ. ಆಚೆ ತುದಿಯವು ಚೌಕ.

"ಬೆಣೆಗಳು ಎಲ್ಲಿ?"

ಓಡೆಲ್ ಬಗ್ಗಿ ನೋಡಿದ. "ಅರೆ! ಅವನ್ನೂ ಒಯ್ದಿದಾರೆ."

"ಯಾವ ಬೆಣೆ?" ಕ್ಲಾಡೆಟ್ ಕೇಳಿದಳು.

"ಆಚೆ ತುದಿ ಎತ್ತರಿಸೋಕೆ ಇಟ್ಟಿರೋ ಮರದ ಚೂರು. ಹಬೆ ತಣಿದು ನೀರಾದ್ಮೇಲೆ ವಾಪಸ್ ಪೈಪಿಗೇ ಹರೀಬೇಕಲ್ಲ, ಅದಕ್ಕೆ."

ತೆರೇಸಾ ಜಗಲಿಗೆ ಹೋದಳು. ಮೆಟ್ಟಿಲಿನ ಬಣ್ಣ ಎಲ್ಲೂ ಕಿತ್ತಿರಲಿಲ್ಲ. ಅಂಗಳದ ಹುಲ್ಲು ನೆಟ್ಟಗೆ ನಿಂತಿತ್ತು. ಪಕ್ಕದ ಮನೆಯ ಜಗಲಿಗೂ ಇದಕ್ಕೂ ನಡುವೆ ಮರದ ಒಂದು ಗಿಡ್ಡ ಕಟಕಟೆ ಮಾತ್ರ. ಅವಳು ಅದನ್ನು ಮೆಲ್ಲಗೆ ತಟ್ಟಿ ಕಾರು ಹತ್ತಿದಳು.

* * *

"ಶುಕ್ರವಾರ ಹೇಗೂ ನನಗೇ ಬರೋದಿತ್ತು. ಕದಿಯೋದ್ಯಾಕೆ?" ಎಂದ ಬ್ರಿಸ್ಕೋ, ತನ್ನ ಅಂಗಡಿಯಲ್ಲಿ.

"ಇಂಥವನ್ನ ತರೋವಾಗ ಕೆಳಗಿನ ಬೆಣೇನೂ ತರ್ತೀಯಾ?"

"ಮರದ ಚೂರಾ? ಹಲ್ಲು ಚುಚ್ಕೊಳ್ಳೋಕಾ ಮೇಡಂ?"

ಅವಳಿಗೆ ಅಷ್ಟು ಸಾಕಿತ್ತು.

* * *

ಮರುದಿನ ಬಿಸಿಲು ಇನ್ನೂ ಜೋರು. ತೆರೇಸಾ ನಿಂಬೆಹಣ್ಣಿನ ಐಸ್ ಹಿಡಿದು ಕ್ಲಾಡೆಟ್‌ಳ ಊಟದ ಕೋಣೆಯಲ್ಲಿ ಕೂತಳು. ಓಡೆಲ್‌ನನ್ನೂ ಕರೆಸಿದ್ದಳು.

"ಇಲ್ಲಿ ಕೂತು ಏನ್ ಮಾಡೋದು?" ಕ್ಲಾಡೆಟ್ ಸಿಡುಕಿದಳು.

"ಕೇಳಿಸ್ಕೊಳ್ಳೋದು."

ಐಸ್ ಕರಗಿ ನೀರಾಯಿತು. ಕ್ಲಾಡೆಟ್ ಮೂರು ಸಲ ಗಡಿಯಾರ ನೋಡಿದಳು. ಆಗ ನಡುಗೋಡೆಯ ಆಚೆಯಿಂದ ಸದ್ದು.

ಠಣ್. ಢಣ್. ಢಣಢಣ.

ಓಡೆಲ್ ಎದ್ದು ನಿಂತ. "ರೇಡಿಯೇಟರಲ್ಲಿ ನಿಂತ ನೀರಿಗೆ ಹಬೆ ಗುದ್ದುತಾ ಇದೆ!"

"ಈ ಸೆಖೇಲಾ?" ಕ್ಲಾಡೆಟ್ ಬಾಯಿ ತೆರೆದಳು. "ಯಾವ ಹುಚ್ಚ ಬಾಯ್ಲರ್ ಹಚ್ಚಿದಾನೆ?"

"ಹೋಗಿ ಮಾತಾಡಿಸೋಣ ಬನ್ನಿ," ಎಂದಳು ತೆರೇಸಾ.

* * *

ನಿವೃತ್ತ ಬಸ್ ಚಾಲಕ ವೆಂಡೆಲ್ ಹ್ಯಾರಿಗನ್ ಬಾಗಿಲು ತೆಗೆದ. ಮುಖ ಟೊಮೆಟೊ. ಅಂಗಿ ಹಿಂಡಿದರೆ ಬಕೆಟ್ ತುಂಬುತ್ತಿತ್ತು. ಒಳಗೆ ಅವನ ಹೆಂಡತಿ ಡೋರಿಸ್ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಕಿಟಕಿಯ ಕೆಳಗೆ ಬಳ್ಳಿಚಿತ್ತಾರದ ರೇಡಿಯೇಟರ್ ಢಣಗುಟ್ಟುತ್ತಿತ್ತು.

"ಬಾ ಕ್ಲಾಡೆಟ್!" ಡೋರಿಸ್ ಮುಖವರಳಿಸಿದಳು. "ನೀನು ಕೊಟ್ಟೆ ಅಂದ ವೆಂಡೆಲ್. ನಿನ್ನ ಹೊಟ್ಟೆ ತಣ್ಣಗಿರ್ಲಿ!"

ಕ್ಲಾಡೆಟ್ ವೆಂಡೆಲ್‌ನನ್ನು ನೋಡಿದಳು. ವೆಂಡೆಲ್ ನೆಲ ನೋಡಿದ.

"ನೀನು ಗುಜರಿಗೆ ಮಾರೋಕೆ ಒಯ್ದಿಲ್ಲ," ಎಂದಳು ತೆರೇಸಾ. "ಮಾರೋನಿಗೆ ಬೆಣೆ ಯಾಕೆ? ಅದನ್ನ ಒಯ್ದೋನು ಮತ್ತೆ ಹಬೆಗೇ ಜೋಡಿಸ್ತಾನೆ. ಮುಚ್ಚಳ ಹಾಕಿದೆ, ಕ್ಲಾಡೆಟ್ ಮನೆ ಚಳೀಲಿ ತಣ್ಣಗಾಗ್ಬಾರ್ದು ಅಂತ. ಹೊರಗಿನ ಕಳ್ಳನಿಗೆ ಆ ಚಿಂತೆ ಇರಲ್ಲ. ಮೆಟ್ಟಿಲು ಇಳಿಸಿದ ಗುರುತಿಲ್ಲ. ಅಂದ್ರೆ ಕಟಕಟೆ ಬಿಚ್ಚಿ ಜಗಲಿಯಿಂದ ಜಗಲಿಗೆ ದಾಟಿಸಿದ್ದು. ಜೋಡಿಸಿದೋನು ಸೋರುತ್ತಾ ಅಂತ ಹಚ್ಚಿ ನೋಡದೆ ಇರಲ್ಲ. ಅದಕ್ಕೇ ಕಾದು ಕೂತೆ."

"ಆದ್ರೆ ಬಡಿಯೋದ್ಯಾಕೆ?" ವೆಂಡೆಲ್ ತಡೆಯಲಾಗದೆ ಕೇಳಿದ. "ಅಲ್ಲಿದ್ದ ಹಾಗೇ ಅದೇ ಪಾದದ ಕೆಳಗೆ ಬೆಣೆ ಇಟ್ಟಿದೀನಿ!"

"ಅದೇ ತಪ್ಪು," ಎಂದ ಓಡೆಲ್. "ನಿಮ್ಮ ಮನೆ ಅವರದ್ದರ ತಿರುವುಮುರುವು. ಪೈಪು ಈ ತುದೀಲಿದೆ. ನೀವು ಪೈಪಿನ ಕಡೇನೇ ಎತ್ತರಿಸಿದೀರಿ. ನೀರು ಹೋಗೋದೆಲ್ಲಿಗೆ?"

ವೆಂಡೆಲ್ ಕುರ್ಚಿಗೆ ಕುಸಿದ. "ನಮ್ಮದು ಹೋದ ಚಳೀಲಿ ಸೀಳಿಹೋಯ್ತು. ಚರ್ಚಿನ ರೊಟ್ಟಿಗೆ ಇವಳು ಹಿಟ್ಟು ಉಬ್ಬಿಸ್ತಿದ್ದದ್ದು ಆ ಗೂಡಲ್ಲೇ. ಇಂಥದು ಈಗ ಯಾರೂ ಮಾಡಲ್ಲ. ಕ್ಲಾಡೆಟ್ ಆಗಲ್ಲ ಅಂದ್ಲು. ಗಿಡಕ್ಕೆ ನೀರು ಹಾಕು ಅಂತ ಅವಳೇ ಹಿಂದೆ ಕೊಟ್ಟ ಕೀಲಿ ನನ್ನ ಹತ್ರ ಇತ್ತು. ಅಳಿಯಂದಿರನ್ನ ಕರೆಸ್ದೆ."

"ಓಡೆಲ್‌ನ ಕಳ್ಳ ಅಂತ ಬೀದೀಲಿ ಕೂಗಿದ್ದು ಕೇಳಿಸ್ಲಿಲ್ವಾ?" ಡೋರಿಸ್ ಎದ್ದಳು.

"ಕೇಳಿಸ್ತು. ಬಾಯಿ ಬರ್ಲಿಲ್ಲ."

"ಹಬೆ ಹೊಡ್ಕೊಂಡು ಬೇಯ್ತಾ ಇರು. ಇನ್ಮೇಲೆ ನನ್ನ ಕೈ ರೊಟ್ಟಿ ನಿನಗಿಲ್ಲ!"

ತೆರೇಸಾ ಕ್ಲಾಡೆಟ್ ಕಡೆ ತಿರುಗಿದಳು. "ದೂರು ಕೊಡ್ತೀರಾ?"

ಕ್ಲಾಡೆಟ್ ರೇಡಿಯೇಟರಿನ ಗೂಡಿನತ್ತ ನೋಡಿದಳು. ಪ್ರತಿ ಭಾನುವಾರ ಚರ್ಚಿನಲ್ಲಿ ಆ ರೊಟ್ಟಿಯ ತುಂಡು ಬಾಯಿಗಿಟ್ಟುಕೊಂಡವಳು ಅವಳೂ ಹೌದು. "ಬೇಡ. ಇಲ್ಲೇ ಇರ್ಲಿ. ಬ್ರಿಸ್ಕೋಗೆ ನಾನು ಹೇಳ್ಕೋತೀನಿ. ಕಲ್ಲಿನ ಕಟ್ಟೆಗೆ ಇದೇ ಯಾಕೆ?"

"ಸಂತೋಷ," ಎಂದ ಓಡೆಲ್. "ನನ್ನ ಮಾತೇನಾಯ್ತು ಮಿಸ್ ಕ್ಲಾಡೆಟ್? ನೀವು ನನ್ನ ಕಳ್ಳ ಅಂದಿದ್ದು ಅಡುಗೆಮನೇಲಲ್ಲ."

ಕ್ಲಾಡೆಟ್ ವೆಂಡೆಲ್‌ನ ಒದ್ದೆ ತೋಳು ಹಿಡಿದು ಜಗಲಿಗೆ ಎಳೆದು ತಂದಳು.

"ಎಲ್ಲಾ ಕೇಳಿ!" ಎಂದು ಕೂಗಿದಳು. "ಓಡೆಲ್ ಗ್ಯಾಸ್ಕಿನ್ಸ್ ನನ್ನ ಒಂದು ಮೊಳೇನೂ ಮುಟ್ಟಿಲ್ಲ! ತಪ್ಪು ನನ್ನ ಬಾಯಿದು! ಕೈ ಇವನದು!"

"ನನ್ನದೇ," ವೆಂಡೆಲ್ ಗೊಣಗಿದ.

"ಜೋರಾಗಿ!"

"ನನ್ನದೇ!"

ಎದುರು ಮಹಡಿಯ ಕಿಟಕಿಯಿಂದ ಮಿಸ್ ಅರ್ನೆಟ್ಟಾ ತಲೆ ಹೊರಹಾಕಿದಳು. "ಕಿವುಡಿ ಅಲ್ಲಮ್ಮಾ ನಾನು, ಕೇಳಿಸ್ತು! ಹಾಗಾದ್ರೆ ಅವನನ್ನ ಇತ್ತ ಕಳಿಸು. ಈ ಮಹಡೀಲಿ ನಾನು ಬೆಂದು ಬದನೆಕಾಯಿ ಆಗಿದೀನಿ!"

ಓಡೆಲ್ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಶಿಳ್ಳೆ ಹಾಕುತ್ತ ರಸ್ತೆ ದಾಟಿದ.