ಆಯೇರದ ಸೀರೆ

“ಅಯ್ಯಯ್ಯ! ಗ್ವಾಡಿ ಒಳಗಿಂದ ಬಂದ್ರಲ್ರಿ ಅಕ್ಕಾರ!”

ತಮ್ಮನ ಹೆಂಡತಿ ಕಮಳಾಬಾಯಿ ಕೂಗಿದಾಗ ಭಾಗಮ್ಮ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಗೋಡೆಯಾದರೂ ಎಲ್ಲಿತ್ತು? ಹಳೆಯ ಮನೆ ಕೆಡವಿ ಸಪಾಟು ಮಾಡಿದ ನೆಲದ ಮೇಲೆ ಮೇಸ್ತ್ರಿ ಮಹೆಬೂಬ ಸುಣ್ಣದ ಪುಡಿಯಿಂದ ಗೆರೆ ಹಾಕಿದ್ದ, ಅಷ್ಟೇ. ಕಮಳಾಬಾಯಿಯ ಕಣ್ಣಿಗೆ ಮಾತ್ರ ಆಗಲೇ ಗೋಡೆ ಎದ್ದು, ಬಾಗಿಲು ಕೂತು, ಪರದೆಯೂ ಬಿದ್ದಾಗಿತ್ತು.

“ಇದು ಹಾಲ್‌ರಿ. ಇದು ನಮ್ಮ ಖೋಲಿ, ಅದು ಹುಡುಗರದು. ಆ ಮೂಲ್ಯಾಗ ದೇವರ ಮನಿ.”

ಭಾಗಮ್ಮ ಎಲ್ಲದಕ್ಕೂ ತಲೆಯಾಡಿಸಿ ಕಡೆಗೆ ಕೇಳಿದಳು: “ಪಡಸಾಲಿ ಎಲ್ಲಿ ಬರ್ತದವಾ?”

“ಈಗ ಪಡಸಾಲಿ ಯಾರು ಕಟ್ಟಸ್ತಾರ್ರಿ? ಹುಮನಾಬಾದಿನ ಇಂಜಿನಿಯರು ಕೇಳಿದ್ರ ನಗ್ತಾರ!”

ಪಡಸಾಲೆ ಇಲ್ಲವೆಂದರೆ ಭಾಗಮ್ಮ ಎಲ್ಲಿ ಮಲಗಬೇಕು? ಅದನ್ನು ಯಾರೂ ಎತ್ತಲಿಲ್ಲ...

ಬಸವಕಲ್ಯಾಣದ ಕೆರೆ ದಂಡೆಯ ಆ ಓಣಿಯಲ್ಲಿ ಮನೆಗಳೆಲ್ಲ ಕೆರೆಗೆ ಬೆನ್ನು ಹಾಕಿ ಕೂತವು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ನಟ್ಟನಡುವೆ ಪಡಸಾಲೆ. ಹಿರಿಯರು, ಕಿರಿಯರು, ಬಂದುಹೋಗುವವರು ಎಲ್ಲರೂ ಅಲ್ಲೇ ಹಾಸಿಕೊಳ್ಳಬೇಕು. ಯಾರಿಗೂ ಸ್ವಂತ ಖೋಲಿ ಇರಲಿಲ್ಲ, ಹಾಗಾಗಿ ಯಾರಿಗೂ ಜಾಗವಿಲ್ಲ ಎಂಬ ಮಾತೂ ಹುಟ್ಟಿರಲಿಲ್ಲ. ಈಗ ಓಣಿಗೇ ಹೊಸ ಹುಚ್ಚು ಹಿಡಿದಿತ್ತು. ಒಬ್ಬರು ಸ್ಲ್ಯಾಬ್ ಹಾಕಿ ಕೆರೆಯ ಕಡೆ ಬಾಲ್ಕನಿ ಇಳಿಸಿದರೆ ಪಕ್ಕದವರಿಗೆ ಅನ್ನ ಸೇರದು. ಮುಸುರೆ ನೀರು ಚೆಲ್ಲುತ್ತಿದ್ದ ದಿಕ್ಕಿಗೆ ಈಗ ಬಣ್ಣದ ಗ್ರಿಲ್ಲು! ಎಂಥ ಸಡಗರ, ಏನು ಕತೆ!

ಗಂಡನನ್ನು ಕಳೆದುಕೊಂಡು ಘಾಟಬೋರಾಳದಿಂದ ಭಾಗಮ್ಮ ತವರಿಗೆ ಮರಳಿದಾಗ ತಮ್ಮ ವೈಜನಾಥ ತೊಟ್ಟಿಲ ಕೂಸು. ತಾಯಿ ತೀರಿಕೊಂಡ ಮೇಲೆ ಅವನಿಗೆ ಉಣಿಸಿ, ಬೆಳೆಸಿ, ಹೆಣ್ಣು ನೋಡಿ ಮದುವೆ ಮಾಡಿದವಳೂ ಅವಳೇ. ಆ ಸಂಜೆ ಅವನನ್ನೇ ಕೇಳಿದಳು.

“ವೈಜೂ, ಹೊಸ ಮನ್ಯಾಗ ನಾ ಎಲ್ಲಿ ಇರ್ಲಿ?”

“ಮೊದಲ ಮನಿ ಏಳ್ಲಿ ಬಿಡಕ್ಕಾ. ನಿನಗ ಜಗಾ ಇಲ್ಲಂತ ಯಾರಂದಾರ?” ಎಂದ, ಮುಖ ನೋಡದೆ.

ಹೊಸ ಮನೆ ಏಳುವ ತನಕ ಹಿಡಿದ ಬಾಡಿಗೆ ಮನೆ ಇಕ್ಕಟ್ಟು ಎಂದು ಅವಳನ್ನು ಎದುರಿಗಿದ್ದ ಮಾಣಿಕಮ್ಮನ ಪಡಸಾಲೆಯಲ್ಲಿ ಬಿಟ್ಟರು. ಗಂಡ ಹೆಂಡತಿ ಇಬ್ಬರೇ ಇದ್ದ ಹಳೆಯ ಮನೆ ಅದು. ಇತ್ತ ಹೊಸ ಮನೆ ಏಳತೊಡಗಿತು. ಸಿಮೆಂಟಿನ ಗೋಡೆ ನೀರು ಕಾಣದಿದ್ದರೆ ಬಿರಿಯುತ್ತದೆ ಎಂದು ಮಹೆಬೂಬ ಅಂದದ್ದೇ ತಡ, ಭಾಗಮ್ಮ ಮುಂಜಾನೆ ಸಂಜೆ ಕೆರೆಯಿಂದ ಕೊಡ ಹೊತ್ತು ತಂದು ಗೋಡೆಗೆ ಹೊಡೆಯತೊಡಗಿದಳು.

“ಆಳು ಹಚ್ಯಾರಲ್ಲ, ನೀ ಯಾಕ ಸಾಯಾಕತ್ತಿ?” ಎಂದು ಮಾಣಿಕಮ್ಮ ಗದರಿದಳು.

“ನಮ್ಮ ಮನಿ ಅಲ್ಲೇನವಾ?” ಎಂದಳು ಭಾಗಮ್ಮ. ಕುತ್ತಿಗೆ ನೋಯುತ್ತಿತ್ತೋ ಇಲ್ಲವೋ, ಅವಳಿಗೇ ಗೊತ್ತಾಗುತ್ತಿರಲಿಲ್ಲ.

ವಾಸ್ತುಶಾಂತಿಯ ದಿನ ಬಂತು. ಊಟವಾದ ಮೇಲೆ ಯಜಮಾನ ಹೊರಗಿನಿಂದ ಬಂದ ನೆಂಟರಿಗೆ ಸೀರೆ, ಧೋತರ ಕೊಟ್ಟು ಆಯೇರ ಮಾಡುವುದು ಪದ್ಧತಿ. ಮನೆಯವರಿಗೆ ಆಯೇರ ಇಲ್ಲ. ತನ್ನ ಮನೆಗೆ ತಾನೇ ನೆಂಟನಾಗುವುದುಂಟೇ? ಇಷ್ಟು ವರ್ಷ ತಮ್ಮನ ಹಿಂದೆ ಆಯೇರದ ತಟ್ಟೆ ಹಿಡಿದು ಬರುತ್ತಿದ್ದವಳು ಭಾಗಮ್ಮ. ಇಂದು ತಟ್ಟೆ ಕಮಳಾಬಾಯಿಯ ಕೈಯಲ್ಲಿತ್ತು. ಬೆಳಗಿನಿಂದ ನಿಂತು ಸೋತ ಭಾಗಮ್ಮ ಹಾಲ್‌ನಲ್ಲಿ ನೆಂಟರ ಸಾಲಿನ ತುದಿಗೆ, ಗೋಡೆಗೆ ಒರಗಿ ಕೂತಳು.

ವೈಜನಾಥ ಕೊಹಿನೂರ ಹಳ್ಳಿಯಿಂದ ಬಂದ ಸೋದರತ್ತೆಗೆ ಕೊಟ್ಟ, ಅವಳ ಸೊಸೆಗೆ ಕೊಟ್ಟ. ಮುಂದೆ ಬಂದು ಭಾಗಮ್ಮನ ಉಡಿಯಲ್ಲೂ ಒಂದು ಸೀರೆ ಇಟ್ಟು, ಕಾಲು ಮುಟ್ಟಿ, ಎದ್ದ.

ಅಂಚಿಲ್ಲದ ಬಿಳಿ ಸೀರೆ. ಆ ಸಾಲಿನಲ್ಲಿ ಗಂಡ ಇಲ್ಲದವಳು ಅವಳೊಬ್ಬಳೇ. ಕೈತಪ್ಪಿ ಬಂದ ಸೀರೆಯಲ್ಲ ಅದು, ಅವಳಿಗೆಂದೇ ಅಂಗಡಿಯಲ್ಲಿ ಆರಿಸಿ ತಂದದ್ದು!

“ಅಯ್ಯೋ ಶಿವನೇ!” ಎಂದಳು ಮಾಣಿಕಮ್ಮ. ಕಮಳಾಬಾಯಿ ತಟ್ಟೆಯನ್ನೇ ನೋಡುತ್ತ ನಿಂತಳು. ಆಗ ವೈಜನಾಥನಿಗೆ ತಾನೇನು ಮಾಡಿದೆನೆಂದು ತಿಳಿಯಿತು.

“ಅಕ್ಕಾ... ಇಕಿ ತಟ್ಟ್ಯಾಗ ಇಟ್ಟಿದ್ಲು... ನಾ ನೋಡ್ಲಿಲ್ಲಕ್ಕಾ... ಕೊಡಿಲ್ಲಿ, ಕೊಡು!” ಅವನು ಬಗ್ಗಿ ಕೈ ಚಾಚಿದ.

ಭಾಗಮ್ಮನಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಸೀರೆಯ ಮಡಿಕೆ ಸರಿಮಾಡಿ ಎದೆಗೆ ಹಿಡಿದುಕೊಂಡಳು.

“ಮಾಡಿದ ಆಯೇರ ಹೊಳ್ಳಿ ತಗೋಬಾರದಪ್ಪಾ. ಹೊಸ ಮನಿಗೆ ಚೊಲೋ ಅಲ್ಲ,” ಎಂದಳು. ಎದ್ದು ಹೊಸ್ತಿಲು ದಾಟುವಾಗ ಎಲ್ಲ ನೆಂಟರೂ ಹೇಳುವಂತೆ ಹೇಳಿದಳು: “ಬರ್ತೇನ್ರವಾ.”

ವೈಜನಾಥ ಗೇಟಿನ ತನಕ ಓಡಿ ಬಂದ. ಆದರೆ ಒಳಗೆ ಕರೆದು ಎಲ್ಲಿ ಮಲಗಿಸಲಿ? ಯಾವ ಖೋಲಿ ತೋರಿಸಲಿ? ಗೇಟಿನ ಕಂಬ ಹಿಡಿದು ನಿಂತುಬಿಟ್ಟ.

ಮರುದಿನ ಮುಂಜಾನೆ ಭಾಗಮ್ಮ ಹಳೆಯ ರೂಢಿಯಂತೆ ಕೆರೆಯಿಂದ ಕೊಡ ತುಂಬಿಕೊಂಡು ಹೊಸ ಮನೆಯ ಮುಂದೆ ಬಂದು ನಿಂತಳು. ಗೇಟು ಹಾಕಿತ್ತು. ಗೋಡೆಗೆ ಬಣ್ಣ ಬಳಿದಾಗಿತ್ತು, ಇನ್ನು ನೀರು ಬೇಕಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ತಿರುಗಿ ಮಾಣಿಕಮ್ಮನ ಮನೆಗೆ ಹೋಗಿ ಬಚ್ಚಲ ಹಂಡೆಗೆ ಕೊಡ ಬಗ್ಗಿಸಿದಳು.

“ಇನ್ನ ಮ್ಯಾಲ ಈ ಮನಿ ನೀರು ತರೋದು ನನಗ ಬಿಡವಾ,” ಎಂದಳು.

ಮಾಣಿಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕತೊಡಗಿದಳು. ಭಾಗಮ್ಮ ಖಾಲಿ ಕೊಡ ಎತ್ತಿಕೊಂಡು ಮತ್ತೆ ಕೆರೆಯ ಕಡೆ ನಡೆದಳು.