ಗಾಜಿನ ಧಕ್ಕೆಗೆ ಬಂದ ಸಾವಿರ ಮೂಟೆಯ ಹಡಗು

ಬಹಳ ಹಿಂದೆ, ಆಮೆ ಮೊಸಳೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ತೆರೆಗೋಡು ಎಂಬ ರಾಜ್ಯದಲ್ಲಿ ಕೆಂಚಣ್ಣನೆಂಬ ಗಾಡಿ ಹೊಡೆಯುವ ಯುವಕನಿದ್ದ. ಅವನಿಗೆ ಅಬ್ಬಲಿ ಎಂಬ ಒಬ್ಬಳೇ ತಂಗಿ. ಒಂದು ಬೆಳಿಗ್ಗೆ ಅವಳು ಚಿಪ್ಪು ಆರಿಸಲು ಕಡಲತೀರಕ್ಕೆ ಹೋಗಿದ್ದಾಗ ಝಂಝಕೇತು ಎಂಬ ಮಾಂತ್ರಿಕ ಅವಳನ್ನು ಹೊತ್ತುಕೊಂಡು ಹೋದ. ಅವನ ಮಂತ್ರವೆಲ್ಲ ಉಸಿರಿನಲ್ಲಿತ್ತು. ಅವನು ಹತ್ತಿರ ನಿಂತು ಊದಿದರೆ ಮನುಷ್ಯರು ಗಾಜಾಗುತ್ತಿದ್ದರು, ದೂರದಿಂದ ಊದಿದರೆ ಬಿರುಗಾಳಿ ಏಳುತ್ತಿತ್ತು. ಹಾಗೆ ಊದಿ ಊದಿ ಮೂವತ್ತು ಜನರನ್ನು ಗಾಜಿನ ಕಂಬ ಮಾಡಿ, ತನ್ನ ದ್ವೀಪದಲ್ಲಿ ಹಡಗು ನಿಲ್ಲುವ ಧಕ್ಕೆ ಕಟ್ಟಿಕೊಂಡಿದ್ದ. ಅಬ್ಬಲಿ ಮೂವತ್ತೊಂದನೆಯ ಕಂಬವಾದಳು.

"ಸಾವಿರ ಮೂಟೆ ತೂಗುವ ಹಡಗು ಬಂದು, ಬಿರುಕು ಬೀಳದಂತೆ ನನ್ನ ಧಕ್ಕೆಗೆ ತಾಗಿದರೆ ಇವರಿಗೆಲ್ಲ ಬಿಡುಗಡೆ. ಬಿರುಕು ಬಿದ್ದರೆ ಎಲ್ಲರೂ ಚೂರುಚೂರು" ಎಂದು ಮಾಂತ್ರಿಕ ಅರಮನೆಗೆ ಓಲೆ ಕಳಿಸಿದ. ರಾಜನ ನಾವಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬನಿಗೆ ಹಲ್ಲುನೋವು ಬಂತು, ಇನ್ನೊಬ್ಬನಿಗೆ ಅತ್ತೆಯ ಊರಿಗೆ ಹೋಗಲೇಬೇಕಾಯಿತು.

ಕೆಂಚಣ್ಣ ತನ್ನ ಗಾಡಿಯನ್ನೂ ಎತ್ತುಗಳನ್ನೂ ಮಾಣಿಕಜ್ಜಿಗೆ ಕೊಟ್ಟು ಅವಳ ಸಾವಿರ ಮೂಟೆಯ ಹಾಯಿಹಡಗು ಪಡೆದ. ಅಜ್ಜಿ ಅರವತ್ತು ವರ್ಷ ಕಡಲು ಕಂಡವಳು. ಮೊಣಕಾಲು ನೋವು ಶುರುವಾದ ಮೇಲೆ ಅವಳಿಗೆ ಗಾಡಿಯ ಆಸೆ ಹುಟ್ಟಿತ್ತು. ತೆರೆಗೋಡಿನಲ್ಲಿ ಒಂದು ಪದ್ಧತಿ: ಹಡಗು ಕೊಟ್ಟವರು ಹೊಸ ಯಜಮಾನನ ಜೊತೆ ಮೂರು ಧಕ್ಕೆಗಳವರೆಗೆ ಹೋಗಬೇಕು, ಆದರೆ ಚುಕ್ಕಾಣಿ ಮುಟ್ಟಬಾರದು. ಮೂರನೆಯ ಧಕ್ಕೆಯಲ್ಲಿ ಬಾಯನ್ನೂ ತೆರೆಯಬಾರದು. ಅಜ್ಜಿ ಎಲೆಯಡಿಕೆ ಚೀಲ ಹಿಡಿದು ಹಡಗಿನ ನಡುವೆ ಕೂತಳು.

ದಾರಿಯಲ್ಲಿ ಮೊದಲು ಸಿಕ್ಕಿದ್ದು ಗುಡ್ಡದಷ್ಟು ದೊಡ್ಡ ಆಮೆ. ಅದರ ಬೆನ್ನ ಮೇಲೊಂದು ಬಿದಿರಿನ ಧಕ್ಕೆ. ಅಲ್ಲಿ ಹಡಗು ನಿಲ್ಲಿಸಿ ತೋರಿಸಿದವರಿಗೆ ಮಾತ್ರ ಆಮೆ ದಾರಿ ಬಿಡುತ್ತಿತ್ತು. ಹಾಯಿ ತುಂಬ ಗಾಳಿ, ಹಡಗು ನುಗ್ಗಿತು. ಧಕ್ಕೆಗೆ ಹತ್ತು ಮಾರು ಇದೆ ಎನ್ನುವಾಗ ಕೆಂಚಣ್ಣ ಹಾಯಿಯ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ "ಹೋ, ಹೋ" ಎಂದ. ಗಾಡಿಯಾಗಿದ್ದರೆ ನಿಲ್ಲುತ್ತಿತ್ತು. ಹಡಗು ಬಿದಿರನ್ನೆಲ್ಲ ಮುರಿದು ಆಮೆಯ ಬೆನ್ನಿಗೆ ಗುದ್ದಿತು, ಕೆಂಚಣ್ಣ ನೀರಿಗೆ ಬಿದ್ದ.

"ಎತ್ತಿಗೆ ಕಿವಿಯಿದೆ ಮಗಾ, ಇದಕ್ಕಿಲ್ಲ" ಎಂದಳು ಅಜ್ಜಿ. "ನಿಲ್ಲಬೇಕು ಅನ್ನಿಸೋ ಮೊದಲೇ ಹಾಯಿ ಇಳಿಸು. ಆಮೇಲೂ ಅದು ತನ್ನ ಭಾರದಲ್ಲೇ ಎಷ್ಟೋ ದೂರ ಹೋಗ್ತದೆ."

"ಬೇಗ ಕಲಿಸಮ್ಮ. ನನ್ನ ಬೆನ್ನು ಇನ್ನೊಂದು ಏಟು ತಡೆಯೋದಿಲ್ಲ" ಎಂದಿತು ಆಮೆ.

ಕೆಂಚಣ್ಣ ಹಿಂದೆ ಹೋಗಿ ಮತ್ತೆ ಬಂದ. ಈ ಸಲ ನೂರು ಮಾರು ದೂರದಲ್ಲೇ ಹಾಯಿ ಇಳಿಸಿದ. ಹಡಗು ತೇಲುತ್ತ ಬಂದು, ಉಳಿದಿದ್ದ ಬಿದಿರಿಗೆ ಮೆಲ್ಲಗೆ ತಾಗಿತು. ಆಮೆ ದಾರಿ ಬಿಟ್ಟಿತು.

ಎರಡನೆಯದು ಮೊಸಳೆಯ ಧಕ್ಕೆ. ಅಂಚಿನುದ್ದಕ್ಕೂ ಮೊಟ್ಟೆಗಳು. "ಒಂದೇ ಒಂದು ಉರುಳಿದರೂ ಇಬ್ಬರನ್ನೂ ನುಂಗುತ್ತೇನೆ" ಎಂದಿತು ಮೊಸಳೆ. ಕೆಂಚಣ್ಣ ಈಗ ಜಾಣನಾಗಿದ್ದನಲ್ಲ, ಮುನ್ನೂರು ಮಾರು ದೂರದಲ್ಲೇ ಹಾಯಿ ಇಳಿಸಿಬಿಟ್ಟ. ಹಡಗು ಅರ್ಧದಾರಿಯಲ್ಲಿ ನಿಂತಿತು. ಚುಕ್ಕಾಣಿ ಎಷ್ಟು ತಿರುಗಿಸಿದರೂ ಹಡಗು ತಿರುಗಲಿಲ್ಲ. ಗಾಳಿ ಅದನ್ನು ಅಡ್ಡಡ್ಡಲಾಗಿ ಮೊಟ್ಟೆಗಳ ಕಡೆ ತಳ್ಳತೊಡಗಿತು.

"ಹಡಗು ಓಡದಿದ್ದರೆ ಚುಕ್ಕಾಣಿ ಬರೀ ಹಲಗೆ" ಎಂದಳು ಅಜ್ಜಿ ಅವಸರದಿಂದ. "ಹಾಯಿ ಎತ್ತು, ದೂರ ಹೋಗಿ ಮತ್ತೆ ಬಾ. ಬಂದ ಕೂಡಲೇ ಮೊದಲು ನಡುವಿನ ಹಗ್ಗ ಕಟ್ಟು, ಮೂತಿಯದ್ದಲ್ಲ."

ಅವನು ಹಾಯಿ ಎತ್ತಿದ, ಸುತ್ತು ಹಾಕಿದ. ಹಡಗಿನ ಮೂತಿ ಗಾಳಿಗೆ ಎದುರಾದಾಗಲೆಲ್ಲ ಅದರ ಓಟ ಕಡಿಮೆಯಾಗುವುದನ್ನು ಕಂಡು ಮನಸ್ಸಿನಲ್ಲಿಟ್ಟುಕೊಂಡ. ಮೂರನೆಯ ಸಲಕ್ಕೆ ಸರಿಯಾಗಿ ಬಂದು ನಡುವಿನ ಹಗ್ಗ ಕಟ್ಟಿದ. ಒಂದು ಮೊಟ್ಟೆಯೂ ಅಲುಗಲಿಲ್ಲ. ಮೊಸಳೆಗೆ ಊಟ ತಪ್ಪಿದ ಬೇಸರವಾದರೂ ದಾರಿ ಕೊಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಗಾಜಿನ ಧಕ್ಕೆ ಕಾಣಿಸಿತು. ಎಲ್ಲಕ್ಕಿಂತ ಮುಂದಿನ ಕಂಬದಲ್ಲಿ ಅಬ್ಬಲಿಯ ಮುಖವಿತ್ತು, ಹೆಗಲ ಮೇಲೆ ಗಾಜಿನ ಜಡೆ. ಕೆಂಚಣ್ಣ ಹಾಯಿಯ ಹಗ್ಗಕ್ಕೆ ಕೈ ಹಾಕಿದ. ಅಜ್ಜಿ ಬಾಯಿ ತುಂಬ ಎಲೆಯಡಿಕೆ ತುರುಕಿಕೊಂಡು ತುಟಿ ಮುಚ್ಚಿದಳು.

ಅವನು ಹೊತ್ತಿಗೆ ಸರಿಯಾಗಿ ಹಾಯಿ ಇಳಿಸಿದ. ಆದರೆ ಕೊಲ್ಲಿಯ ಬಾಯಲ್ಲಿ ಬಂಡೆಯ ಮೇಲೆ ನಿಂತಿದ್ದ ಝಂಝಕೇತು ಕೆನ್ನೆ ಉಬ್ಬಿಸಿ ಹಿಂದಿನಿಂದ ಊದಿದ. ಹಾಯಿಯಿಲ್ಲದ ಹಡಗೂ ಓಡತೊಡಗಿತು. ಹೀಗೇ ಹೋದರೆ ಧಕ್ಕೆ ಪುಡಿಪುಡಿ.

ಕೆಂಚಣ್ಣ ಮೊಸಳೆಯ ಧಕ್ಕೆಯಲ್ಲಿ ಕಂಡದ್ದನ್ನು ನೆನಪಿಸಿಕೊಂಡ. ಚುಕ್ಕಾಣಿ ತಿರುಗಿಸಿ ಧಕ್ಕೆಯ ಪಕ್ಕದಿಂದಲೇ ಮುಂದೆ ಹೋಗಿಬಿಟ್ಟ.

"ಹೆದರಿ ಓಡುತ್ತಾನೆ" ಎಂದು ಮಾಂತ್ರಿಕ ನಕ್ಕ.

ಧಕ್ಕೆ ದಾಟಿದ ಮೇಲೆ ಕೆಂಚಣ್ಣ ಚುಕ್ಕಾಣಿಯನ್ನು ಪೂರ್ತಿ ಹೊರಳಿಸಿದ. ಹಡಗು ದೊಡ್ಡ ಸುತ್ತು ಹಾಕಿ ಗಾಳಿಗೆ ಮುಖ ಕೊಟ್ಟು ಮರಳಿ ಬಂತು. ಹಗುರ ದೋಣಿಯಾಗಿದ್ದರೆ ಅಲ್ಲೇ ನಿಲ್ಲುತ್ತಿತ್ತು, ಇದನ್ನು ಇದರ ಭಾರವೇ ಮುಂದಕ್ಕೆ ತಂದಿತು. ಮಾಂತ್ರಿಕ ಸಿಟ್ಟಿನಿಂದ ಜೋರಾಗಿ ಊದಿದ. ಊದಿದಷ್ಟೂ ಹಡಗು ನಿಧಾನವಾಯಿತು. ಒಂದು ಮಾರು ಉಳಿಯಿತು, ಅರ್ಧ ಮಾರು ಉಳಿಯಿತು, ಒಂದು ಗೇಣು ಉಳಿದಾಗ ಹಡಗು ನಿಂತಿತು. ಅಷ್ಟರಲ್ಲಿ ಝಂಝಕೇತುವಿನ ಉಸಿರೆಲ್ಲ ಖಾಲಿ. ಮಂತ್ರ ಹಾಕುವ ಶಕ್ತಿಯೂ ಅದರ ಜೊತೆ ಹೋಯಿತು. ದೀಪ ಆರಿಸಲೂ ಉಸಿರಿಲ್ಲದ ಮುದುಕನಾಗಿ ಅವನು ಬಂಡೆಯ ಮೇಲೆ ಕುಸಿದು ಕೂತ.

ಕೆಂಚಣ್ಣ ನಡುವಿನ ಹಗ್ಗವನ್ನು ತಂಗಿಯ ಕಂಬಕ್ಕೆ ಒಂದು ಸುತ್ತು ಹಾಕಿ, ಎರಡು ಬೆರಳಿನಿಂದೆಂಬಂತೆ ಎಳೆದ. ಸಾವಿರ ಮೂಟೆಯ ಹಡಗು ಹಸು ಕರುವಿಗೆ ಮೂತಿ ತಾಗಿಸಿದಂತೆ ಗಾಜಿಗೆ ತಾಗಿತು. ಬಿರುಕು ಬೀಳಲಿಲ್ಲ. ಕಂಬಗಳೆಲ್ಲ ಮನುಷ್ಯರಾದವು.

"ಎಷ್ಟು ಹೊತ್ತು ಮಾಡಿದ್ಯಲ್ಲ ಅಣ್ಣಾ" ಎಂದಳು ಅಬ್ಬಲಿ, ಸೊಂಟಕ್ಕೆ ಸುತ್ತಿದ್ದ ಹಗ್ಗ ಬಿಡಿಸುತ್ತ. ಕೆಂಚಣ್ಣ ಮಗುವಿನಂತೆ ಅತ್ತುಬಿಟ್ಟ. ಅಜ್ಜಿ ಎಲೆಯಡಿಕೆ ಉಗಿದು, "ಇನ್ನು ಹಡಗು ನಿಂದೇ ಮಗಾ" ಎಂದಳು.

ಮೂವತ್ತೊಂದು ಜನರನ್ನೂ ಕೆಮ್ಮುತ್ತಿದ್ದ ಮುದುಕನನ್ನೂ ಹತ್ತಿಸಿಕೊಂಡು ಹಡಗು ಊರ ಕಡೆ ಹೊರಟಿತು. ಅಣ್ಣ ಗಾಡಿ ಹೊಡೆಯುವಾಗ ಎರಡು ಸಲ ಗದ್ದೆಗೆ ಉರುಳಿದ್ದವಳು ಅಬ್ಬಲಿ. ತೆರೆಗೋಡು ಕಂಡದ್ದೇ ತಡ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು. ಬಹಳ ಹೊತ್ತಾಯಿತು. ಯಾವ ಗುದ್ದೂ ಇಲ್ಲ, ಸದ್ದೂ ಇಲ್ಲ.

"ಅಣ್ಣಾ, ಇನ್ನೂ ಎಷ್ಟು ದೂರ?" ಎಂದಳು ಕಣ್ಣು ಮುಚ್ಚಿಕೊಂಡೇ.

"ಎಲ್ಲರೂ ಇಳಿದು ಮನೆಗೆ ಹೋದರು. ನೀನೊಬ್ಬಳೇ ಬಾಕಿ" ಎಂದ ಕೆಂಚಣ್ಣ.

ಅವಳು ಕಣ್ಣು ಬಿಟ್ಟಳು, ಅಣ್ಣನ ಕೈ ಹಿಡಿದು ಇಳಿದಳು. ಅವರೂ ಸುಖವಾಗಿದ್ದರು, ತೆರೆಗೋಡಿನವರೂ ಸುಖವಾಗಿದ್ದರು.