ಚೀಟಿ ಬಾರದ ಮನೆ

ಬೆಸಗರಹಳ್ಳಿಯ ನಾಗಶ್ರೀ ಕಾಕಡ ಮುಡಿದ ದಿನ ಶ್ರೀಕರ ಅವಳ ಮನೆಯಿಂದ ಬೇಗ ಏಳುತ್ತಿರಲಿಲ್ಲ. ಕಾಫಿ ಆರಿ ತಣ್ಣಗಾದರೂ ಜಗಲಿ ಬಿಡುತ್ತಿರಲಿಲ್ಲ. ಬರಿ ಜಡೆಯ ದಿನ ಮಾತ್ರ ಎಲ್ಲಿಲ್ಲದ ಅವಸರ, ‘ಬರ್ತೀನಿ’ ಅಂದವನೇ ಬೈಕ್ ಹತ್ತಿಬಿಡುತ್ತಿದ್ದ. ಇದನ್ನು ಕಂಡುಕೊಂಡ ಹುಡುಗಿ ಇನ್ನೇನು ಅಂದುಕೊಳ್ಳಬೇಕು ಹೇಳಿ? ತನ್ನ ಹೂವಿಗೆ ಸೋತಿದ್ದಾನೆ ಅಂದುಕೊಂಡಳು, ಪೆದ್ದಿ.

ಮಂಡ್ಯದ ಗುತ್ತಲಿನ ಶ್ರೀಕರನದು ಪಿಎಚ್.ಡಿ. ಮನೆಗೇ ಹೋಗಿ ಮಾತಾಡಿಸಿದರೆ ಹೆಂಗಸರು ಗ್ರಾಮಸಭೆಗೆ ಬರುತ್ತಾರಾ ಅನ್ನೋದು ಅವನ ಪ್ರಶ್ನೆ. ಊರಿನ ಮನೆಗಳ ಹೆಸರು ಬರೆದು ಚೀಟಿ ಎತ್ತಿದ್ದ. ಚೀಟಿ ಬಂದ ಮನೆಗೆ ವಾರವಾರ ಹೋಗಬೇಕು. ಬಾರದ ಮನೆಯವರ ಹತ್ತಿರ ಸಭೆ ಮುಗಿಯುವ ತನಕ ಒಂದು ಮಾತೂ ಆಡುವಂತಿಲ್ಲ, ಆಡಿದರೆ ಯಾವುದರಿಂದ ಯಾವುದಾಯಿತು ಅನ್ನೋದೇ ತಿಳಿಯದೆ ಹೋಗುತ್ತೆ. ನಾಗಶ್ರೀ ಮನೆಯ ಚೀಟಿ ಬಂತು. ಎದುರುಮನೆ ದೀಪಿಕಳದು ಬರಲಿಲ್ಲ. ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುವ ದೀಪಿಕ, ರಜ ಇದ್ದ ದಿನ ತನ್ನ ಜಗಲಿಯಲ್ಲಿ ಕೂತು ಕಾಕಡ ಕಟ್ಟಿ ಗೆಳತಿ ನಾಗಶ್ರೀಗೂ ಒಂದು ಮೊಳ ಕೊಡುತ್ತಿದ್ದಳು.

“ನಮ್ಮನೇಲಿ ಕೂತ್ರೆ ಏಳಕ್ಕೇ ಮನಸು ಬರಾಕಿಲ್ವಲ್ಲ ಸಾರ್, ಯಾಕೆ?” ಅಂತ ಒಂದು ದಿನ ನಾಗಶ್ರೀ ಕೆಣಕಿದಳು.

“ಗಾಳಿ ಚೆನ್ನಾಗಿ ಬರುತ್ತೆ.”

“ಗಾಳಿಯೋ, ಇನ್ನೇನಾರವೋ?”

ಅವನ ಕಿವಿ ಕೆಂಪಾಯಿತು. “ಕಾರಣ ಅಷ್ಟು ಸುಲಭಕ್ಕೆ ಸಿಗಲ್ಲ ನಾಗಶ್ರೀ. ಕೊಕ್ಕರೆ ಬೆಳ್ಳೂರಿಗೆ ಕೊಕ್ಕರೆ ಹೆಚ್ಚು ಬಂದ ವರ್ಷ ಬೆಳೆ ಚೆನ್ನಾಗಾಗುತ್ತೆ ಅಂತಾರಲ್ಲ, ಬೆಳೆ ಕೊಟ್ಟಿದ್ದು ಕೊಕ್ಕರೇನಾ?”

“ಇನ್ಯಾರು ಮತ್ತೆ?”

“ಮಳೆ. ಕೊಕ್ಕರೆ ಬಂದಿದ್ದೂ ಅದರಿಂದಲೇ. ಜೊತೆಯಾಗಿ ಬರೋ ಎರಡರ ಹಿಂದೆ ಮೂರನೇದೊಂದು ಇರಬಹುದು. ಅದನ್ನ ಹುಡುಕಬೇಕು.”

ಹುಡುಗಿ ಒಂದು ಕೇಳಿದರೆ ಈ ಮಹರಾಯನದು ಕೊಕ್ಕರೆ ಪುರಾಣ! ಆದರೆ ಅವಳಿಗೆ ಆ ಕೆಂಪು ಕಿವಿಯೇ ಸಾಕಾಗಿತ್ತು.

ಅದೇ ವಾರ ಅವಳ ಅವ್ವ ಬೆಳ್ಳಮ್ಮ ಕೇಳಿದಳು, “ಮಳವಳ್ಳಿ ಗಂಡಿನ್ ಕಡೆಯೋರು ಒಪ್ಕಂಡವ್ರೆ. ಏನೇಳ್ಲವ್ವ?”

“ಬ್ಯಾಡ ಅನ್ನು.”

“ಇಂಥ ಸಂಬಂಧ ಮತ್ತೆ ಬಂದದೇನೇ? ನಿಂಗೇನ್ ಬಂದದೆ ರೋಗ?”

“ಬ್ಯಾಡ ಅಂದ್ನಲ್ಲ ಬುಡವ್ವ.” ಅವನಿಗೋಸ್ಕರ ಅಂತ ಬಾಯಿ ಬಿಡಲಿಲ್ಲ. ಮಳವಳ್ಳಿಯವರು ಬೇರೆ ಕಡೆ ಹೆಣ್ಣು ನೋಡಿಕೊಂಡರು.

ಗ್ರಾಮಸಭೆಯ ದಿನ ದೀಪಿಕಳಿಗೆ ರಜ. ನಾಗಶ್ರೀ ಎರಡು ಮೊಳ ಕಾಕಡ ಮುಡಿದು ಸಭೆಗೆ ಹೋಗಿಬಂದಳು. ಶ್ರೀಕರ ಹಿಂದೆಯೇ ಬಂದು ಜಗಲಿಯಲ್ಲಿ ಕೂತ.

“ಕೊನೇ ಪ್ರಶ್ನೆ. ಸಭೆಗೆ ಯಾಕೆ ಬಂದ್ರಿ?”

“ನೀವು ಬತ್ತಿದ್ರಲ್ಲ ಸಾರ್, ಅದ್ಕೆ.”

ಅವನ ಮುಖ ಅರಳಿತು. “ಇವತ್ತಿಗೆ ನನ್ನ ಕೆಲಸ ಮುಗೀತು. ಇನ್ನು ಮನಸಲ್ಲಿರೋದನ್ನ ಹೇಳಬಹುದು.”

ಅವಳು ಜಡೆಯ ಹೂವನ್ನು ಮುಂದಕ್ಕೆ ಎಳೆದುಕೊಂಡಳು. “ಹೇಳಿ ಸಾರ್.”

“ಇಷ್ಟು ದಿನ ನಿಮ್ಮ ಜಗಲೀಲಿ ಕೂತು ನೋಡಿದ್ದೇ ಆಯ್ತು, ಮಾತಾಡೋ ಹಾಗಿರಲಿಲ್ಲ. ಎದುರುಮನೆ ದೀಪಿಕ ಅವರಿಗೆ... ಮದುವೆ ಏನಾದ್ರೂ ಗೊತ್ತಾಗಿದೆಯಾ?”

ನಾಗಶ್ರೀ ಎದುರು ಜಗಲಿಯತ್ತ ನೋಡಿದಳು. ದೀಪಿಕ ಹೂ ಕಟ್ಟುತ್ತಾ ಕೂತಿದ್ದಳು. ಅವಳು ಮನೆಯಲ್ಲಿದ್ದ ದಿನವೇ ತನ್ನ ಜಡೆಯಲ್ಲಿ ಹೂ, ಅವಳು ಮನೆಯಲ್ಲಿದ್ದ ದಿನವೇ ಇವನು ಏಳದೆ ಕೂತಿದ್ದು. ಮೂರನೇದು ಕೊನೆಗೂ ಸಿಕ್ಕಿತು.

“ಅಯ್ಯೋ, ಆಗ್ಲೇ ಗೊತ್ತಾಗ್ಬುಟ್ಟದೆ ಸಾರ್,” ಅಂದಳು ನಗುತ್ತಾ. “ಮಳವಳ್ಳಿ ಗಂಡು. ಒಳ್ಳೆ ಸಂಬಂಧ.”

ಅವನು ಕಾಫಿ ಮುಟ್ಟಲಿಲ್ಲ. ಎದುರುಮನೆ ಕಡೆ ನೋಡದೆ ಬೈಕ್ ಹತ್ತಿ ಹೊರಟುಹೋದ.

ದೀಪಿಕ ರಸ್ತೆ ದಾಟಿ ಬಂದಳು. ಗೆಳತಿಯ ಜಡೆಯಿಂದ ಜಾರಿದ್ದ ಹೂ ಸರಿಮಾಡುತ್ತಾ ಮೆಲ್ಲಗೆ ಕೇಳಿದಳು, “ಓಗೇ ಬುಟ್ನಾ? ಅವ್ನು ಬರೋ ದಿನ ನೋಡ್ಕಂಡು ರಜ ಆಕಿ ಆಕಿ ಕೂತಿದ್ದೇ ಬಂತು ಕಣೆ. ಒಂದಿನಾರ ನಮ್ಮನೆ ಬಾಗ್ಲಿಗೆ ಬರ್ನಿಲ್ವಲ್ಲ, ಯಾಕಂತೆ?”

“ನಿಮ್ಮನೆ ಚೀಟಿ ಬರ್ನಿಲ್ವಲ್ಲ ಕಣೆ,” ಅಂದಳು ನಾಗಶ್ರೀ, “ಅದ್ಕೆ.”